ಬಾಳ್ವೆಯ ಸಲಹೆಗಾರರು, ಖಾಸಗಿ, ಜೇವರ್ಗಿ

ಜೇವರ್ಗಿ
6 ಜೂನ್ 1988

ಚಿ. ಗುರುಶಾಂತಮ್ಮನಿಗೆ ಕಲ್ಯಾಣಪ್ಪ ಕಾಕಾನ ಆಶೀರ್ವಾದ.

ಈ ಪತ್ರವನ್ನು ನಿಂತು ಓದಬೇಡ, ಕುಳಿತು ಓದು. ಭೀಮಾ ನದಿಯ ಆಚೆ ದಂಡೆಯಲ್ಲಾಗಲಿ ಈಚೆ ದಂಡೆಯಲ್ಲಾಗಲಿ ಇದುವರೆಗೆ ಯಾವ ಗಂಡಸೂ ಮಾಡದ ಕೆಲಸಕ್ಕೆ ನಿನ್ನ ಕಾಕಾ ಕೈ ಹಾಕಿದ್ದಾನೆ. ಹೆಂಗಸರು ಮಾಡಿರಬಹುದು, ಅವರು ಬೋರ್ಡು ಹಾಕುವುದಿಲ್ಲ.

ಇಪ್ಪತ್ತೆರಡು ವರ್ಷ ತಹಶೀಲ ಕಚೇರಿ ಮುಂದಿನ ಬೇವಿನ ಗಿಡದ ಕೆಳಗೆ ಕುಳಿತು ಮಂದಿಯ ಅರ್ಜಿ ಬರೆದವನು ನಾನು. ಓದಿದ್ದು ನರೋಣಾ ಶಾಲೆಯ ನಾಲ್ಕನೇ ಇಯತ್ತೆ, ಅದೂ ನಿಜಾಮರ ಕಾಲದ ಉರ್ದು. ಆದರೂ ನನ್ನ ಅರ್ಜಿ ಓದಿ ಒಬ್ಬ ತಹಶೀಲ್ದಾರ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡದ್ದುಂಟು. ಕಣ್ಣಿಗೆ ಧೂಳು ಬಿದ್ದಿತ್ತು ಎಂದು ಖಾದರಸಾಬ ಹೇಳುತ್ತಾನೆ. ಅವನಿಗೆ ಹೊಟ್ಟೆಕಿಚ್ಚು.

ಅರ್ಜಿ ಅರ್ಧ ಹಾಳೆ, ಅದರ ಹಿಂದಿನ ಮಾತು ಎರಡು ತಾಸು. ಬಾಂದುಕಲ್ಲಿನ ತಕರಾರು ಬರೆಸಲು ಬಂದವನು ಅಳಿಯನ ಸುದ್ದಿ ತೆಗೆದು ಅಳುತ್ತಾನೆ. ಪಹಣಿ ಕೇಳಲು ಬಂದಾಕೆ ಮಗ ಮಾತಾಡಿಸುವುದಿಲ್ಲ ಎನ್ನುತ್ತಾಳೆ. ಅರ್ಜಿಗೆ ಕಚೇರಿಯ ಉತ್ತರ ಯಾವಾಗ ಬರುವುದೋ ದೇವರಿಗೇ ಗೊತ್ತು, ಆದರೆ ನಾನು ಆಡಿದ ಎರಡು ಮಾತಿಗೆ ಮರುದಿನವೇ ಬಂದು ‘ಕಾಕಾ, ನೆಟ್ಟಗಾತು’ ಎಂದು ಹೇಳಿ ಹೋಗುತ್ತಾರೆ. ಹಾಗಾದರೆ ನನ್ನ ನಿಜವಾದ ಕಸುಬು ಯಾವುದು? ಯೋಚಿಸಿದೆ. ಅರ್ಜಿ ಬರೆಯುವ ಮಣೆ ಎತ್ತಿಟ್ಟೆ. ಬಸ್ ಸ್ಟ್ಯಾಂಡಿನ ಹತ್ತಿರ ಖಾದರಸಾಬನ ಸೈಕಲ್ ಅಂಗಡಿಯ ಮೇಲಿನ ಕೋಣೆ ಹಿಡಿದೆ. ಒಂದು ಕುರ್ಚಿ, ಒಂದು ಸ್ಟೂಲು, ಒಂದು ನೀರಿನ ಗಡಿಗೆ. ಹೊರಗೆ ಬೋರ್ಡು:

‘ಕಲ್ಯಾಣಪ್ಪ, ಬಾಳ್ವೆಯ ಸಲಹೆಗಾರರು. ಖಾಸಗಿ. ಜಾತಕ ನೋಡುವುದಿಲ್ಲ. ತಾಯಿತ ಕಟ್ಟುವುದಿಲ್ಲ. ಔಷಧ ಕೊಡುವುದಿಲ್ಲ.’

ನಿಮ್ಮ ಗುರಮ್ಮ ಕಾಕಿಗೆ ಓದಿ ಹೇಳಿದೆ. ‘ಇದೆಲ್ಲಾ ಮಾಡಂಗಿಲ್ಲ ಅಂದ್ರ ಮತ್ತೇನ್ ಮಾಡ್ತೀರಿ, ಅದನ್ನ ಬರಸ್ರಿ,’ ಅಂದಳು.

‘ಮಾತಾಡ್ತೇನಿ.’

‘ಅದಕ್ಕ ಬೋರ್ಡ್ ಯಾಕ್ರಿ? ಮೂವತ್ತು ವರ್ಷದಿಂದ ಬೋರ್ಡ್ ಇಲ್ದೇ ಕೇಳಾಕತ್ತೇನಿ.’

ಆಕೆಗೆ ನನ್ನ ಪದ್ಧತಿ ಅರ್ಥವಾಗಿಲ್ಲ. ನಿನಗೆ ಹೇಳುತ್ತೇನೆ, ನೀನು ಮಾಸ್ತರಿಣಿ. ಬಂದವನು ಸ್ಟೂಲಿನ ಮೇಲೆ ಕುಳಿತು ತನ್ನ ಗೋಳು ಹೇಳುತ್ತಾನೆ. ಮುಗಿದ ಮೇಲೆ ನಾನು ಎದ್ದು ಅವನನ್ನು ನನ್ನ ಕುರ್ಚಿಯಲ್ಲಿ ಕೂಡಿಸುತ್ತೇನೆ, ನಾನು ಅವನ ಸ್ಟೂಲಿನ ಮೇಲೆ ಕುಳಿತು ಅವನ ಗೋಳನ್ನೇ ನನ್ನದೆಂಬಂತೆ ಅವನಿಗೆ ಹೇಳುತ್ತೇನೆ. ಈಗ ಸಲಹೆಗಾರ ಅವನು. ಮೊನ್ನೆ ಒಬ್ಬನು, ಅಣ್ಣನ ಕೂಡ ಮನೆ ಪಾಲು ಮಾಡಿಕೊಳ್ಳಲೋ ಬೇಡವೋ ಎಂದು ಬಂದಿದ್ದ. ಕುರ್ಚಿ ಏರಿದ್ದೇ ತಡ, ‘ಹುಚ್ಚಪ್ಪಾ, ಮೊದಲ ಅಣ್ಣನ ಮನ್ಯಾಗ ಒಂದ್ ರೊಟ್ಟಿ ತಿಂದು ಬಾ, ಆಮ್ಯಾಲ ಪಾಲಿನ ಮಾತು’ ಅಂದ. ಅಂದವನೇ ತನ್ನ ಮಾತು ತಾನೇ ಕೇಳಿ ದಂಗಾದ. ನಾನು ಬಾಯಿ ಬಿಡಲೇ ಇಲ್ಲ. ಬಾಯಿ ಬಿಡದಿರುವುದೇ ನನ್ನ ವಿದ್ಯೆ.

ಖಜೂರಿಯಲ್ಲಿ ಹೇಳಿಕೊಳ್ಳಬೇಕಾದರೆ ಹೇಳಿಕೋ. ನನ್ನ ಅಭ್ಯಂತರವಿಲ್ಲ.

ನಿನ್ನ ಕಾಕಾ
ಕಲ್ಯಾಣಪ್ಪ


ಖಜೂರಿ
19 ಜೂನ್ 1988

ಕಾಕಾ, ಶರಣು.

ನಿಮ್ಮ ಪತ್ರ ಕುಳಿತೇ ಓದಿದೆ. ನಗು ಬಂದಾಗ ಬೀಳಲಿಲ್ಲ, ಅದಕ್ಕೆ ಉಪಕಾರ.

ನನಗೆ ಇಲ್ಲಿಗೆ ಆರ್ಡರ್ ಬಂದಾಗ ‘ಖಜೂರಿ ಅಂದ್ರ ಖರ್ಜೂರದ ತೋಟ, ಕಿಡಕಿ ತೆಗೆದ್ರ ಹಣ್ಣು ಕೈಗೆ ಸಿಗ್ತಾವ’ ಎಂದು ಹೇಳಿದ ಮನುಷ್ಯರು ನೀವು. ಎರಡು ವರ್ಷವಾಯಿತು. ಕಿಟಕಿ ತೆಗೆದರೆ ಮಹಾರಾಷ್ಟ್ರಕ್ಕೆ ಹೋಗುವ ಲಾರಿಗಳ ಹೊಗೆ ಸಿಗುತ್ತದೆ. ಹಾಗಾಗಿ ಅಳಿಯನ ಸುದ್ದಿ ತೆಗೆದು ಅತ್ತದ್ದು, ತಹಶೀಲ್ದಾರ ಅತ್ತದ್ದು ಎಲ್ಲವನ್ನೂ ಅರ್ಧ ಕಡಿದು ಓದುತ್ತೇನೆ.

ಆದರೆ ಕುರ್ಚಿ ಬದಲಿಸುವ ಪದ್ಧತಿ ನಿಜಕ್ಕೂ ಚೆನ್ನಾಗಿದೆ. ನಮ್ಮ ತರಬೇತಿಯಲ್ಲಿ ಇದನ್ನೇ ಹೇಳುತ್ತಿದ್ದರು, ಮಗುವಿಗಿಂತ ಮೊದಲು ಮಾಸ್ತರ ಉತ್ತರ ಹೇಳಿದರೆ ಪಾಠ ಕೆಟ್ಟಿತು ಎಂದು. ನನ್ನ ಅನುಮಾನ ಒಂದೇ. ಸುಮ್ಮನಿರುವುದು ನಿಮ್ಮಿಂದ ಎಷ್ಟು ದಿನ ಆದೀತು?

ಕಾಕಿಗೆ ಶರಣು ಹೇಳಿ.

ಗುರುಶಾಂತಮ್ಮ


ಜೇವರ್ಗಿ
11 ಜುಲೈ 1988

ಚಿ. ಗುರುಶಾಂತಮ್ಮನಿಗೆ ಆಶೀರ್ವಾದ. ಅರ್ಧ ಕಡಿಯದೆ ಓದಬೇಕು ಎಂದು ತಾಕೀತು.

ಒಂದು ತಿಂಗಳಲ್ಲಿ ನಲವತ್ತು ಮಂದಿ! ಅಫಜಲಪುರದಿಂದ ಇಬ್ಬರು ಬಸ್ ಬದಲಿಸಿ ಬಂದಿದ್ದರು. ಖಾದರಸಾಬ ಕೆಳಗೆ ಪಂಕ್ಚರ್ ಹಾಕುವುದು ಬಿಟ್ಟು ಮೆಟ್ಟಿಲ ಬಳಿ ಪಾಳಿ ಹಚ್ಚುತ್ತಾನೆ. ‘ಯಾಕ್ ಕಾಕಾ, ನನಗೂ ಒಂದ್ ಬೋರ್ಡ್ ಬರಸ್ಲೇನು, ಸಲಹೆಗಾರರ ಮೆಟ್ಟಿಲ ಕಾಯಾಂವ ಅಂತ?’ ಅನ್ನುತ್ತಾನೆ.

ನಿನ್ನೆಯ ಸಂಗತಿ ಕೇಳು. ಬಸ್ ಸ್ಟ್ಯಾಂಡಿನ ಹಿಂದಿನ ಹಿಟ್ಟಿನ ಗಿರಣಿಯಲ್ಲಿ ಹದಿನೆಂಟು ವರ್ಷದಿಂದ ದುಡಿಯುವ ಸೈದಪ್ಪ ಎಂಬವನಿದ್ದಾನೆ. ಹುಬ್ಬಿನ ಮೇಲೆ ಸದಾ ಜೋಳದ ಹಿಟ್ಟು. ತಾಯಿ, ಅಣ್ಣ, ಅತ್ತಿಗೆ ಎಲ್ಲರೂ ಕೂಡಿರುವ ಮನೆ, ಹೆಂಡತಿಯ ಹೆಸರು ನಿಂಬೆವ್ವ. ಬಂದು ಸ್ಟೂಲಿನ ತುದಿಗೆ ಕುಳಿತು, ‘ಮನ್ಯಾಗ ನನ್ನ ಯಾರೂ ಮಾತಾಡ್ಸಂಗಿಲ್ರಿ. ಹೇಣ್ತಿನೂ ಮಾತಾಡ್ಸಂಗಿಲ್ಲ. ಎರಡ್ ವರ್ಷಾತು. ನಾ ಅದೇನಿ ಅನ್ನೋದ ಮರ್ತಾರ’ ಅಂದ. ಹೇಳಿ ಗೋಡೆ ನೋಡುತ್ತ ಕುಳಿತ.

ಅದೇ ಹೊತ್ತಿಗೆ ಖಾದರಸಾಬನ ಬೀಗರು ಇಬ್ಬರು ಕಲಬುರ್ಗಿಯಿಂದ ನನ್ನನ್ನು ನೋಡಲೆಂದೇ ಬಂದಿದ್ದರು. ಅವರೆದುರಿಗೇ ಸೈದಪ್ಪನನ್ನು ಕುರ್ಚಿಗೆ ಏರಿಸಿದೆ. ಅವನ ಗೋಳು ಅವನಿಗೇ ಹೇಳಿದೆ. ಅವನು ತನಗೆ ತಾನೇ ‘ಒಂದ್ ಲಾರಿ ಹತ್ತು, ನಾಕ್ ದಿನ ಮಾಯ ಆಗು, ಇಲ್ದಾಗ ಬೆಲೆ ತಿಳೀತದ’ ಅಂತ ಸಲಹೆ ಕೊಟ್ಟುಕೊಂಡ. ಕೈ ಮುಗಿದ, ಎದ್ದ, ಹೋದ. ಕಿಟಕಿಯಿಂದ ನೋಡಿದೆ. ನೇರ ಲಾರಿ ನಿಲ್ಲುವ ಕಡೆಗೆ ನಡೆದಿದ್ದ. ಒಂದೇ ಬೈಠಕ್ಕಿಗೆ ಕೆಲಸ ಫತೇ! ಬೀಗರು ಬಾಯಿ ತೆರೆದವರು ಮುಚ್ಚಲಿಲ್ಲ.

ನಿನ್ನ ಕಾಕಾ
ಕಲ್ಯಾಣಪ್ಪ


ಖಜೂರಿ
24 ಜುಲೈ 1988

ಕಾಕಾ, ಶರಣು.

ನಲವತ್ತು ಮಂದಿಯ ಸುದ್ದಿ ನಮ್ಮ ಶಾಲೆಯಲ್ಲೆಲ್ಲ ಹಬ್ಬಿದೆ. ಹೆಡ್‌ಮಾಸ್ತರರು ತಮ್ಮ ಅಳಿಯನನ್ನು ಕಳಿಸಲೇ ಎಂದು ಕೇಳುತ್ತಾರೆ.

ಆ ಸೈದಪ್ಪ ಎಲ್ಲಿಗೆ ಹೋದ? ತಿರುಗಿ ಬಂದನೇ? ಅವನ ನಿಂಬೆವ್ವ ಏನಂದಳು? ಅದನ್ನು ಬರೆಯಲೇ ಇಲ್ಲ ನೀವು.

ಮಳೆ ಚೆನ್ನಾಗಿದೆ. ತೊಗರಿ ಮೊಣಕಾಲುದ್ದ ಬಂದಿದೆ.

ಗುರುಶಾಂತಮ್ಮ


ಜೇವರ್ಗಿ
22 ಆಗಸ್ಟ್ 1988

ಚಿ. ಗುರುಶಾಂತಮ್ಮನಿಗೆ,

ನಿನ್ನ ಪತ್ರ ಬಂದು ಬಹಳ ದಿನವಾಯಿತು. ಕೆಲಸದ ಒತ್ತಡ. ಪಂಚಮಿಗೆ ನಿಮ್ಮ ಕಾಕಿ ಅಳ್ಳು, ತಂಬಿಟ್ಟು ಮಾಡಿದ್ದಳು, ನಿನ್ನನ್ನು ನೆನೆದಳು. ಇಲ್ಲಿಯೂ ತೊಗರಿ ಚೆನ್ನಾಗಿದೆ. ಹೆಸರು ಸ್ವಲ್ಪ ಹೊಡೆತ ತಿಂದಿದೆ.

ಕೇಂದ್ರ ನಡೆದಿದೆ. ಒಬ್ಬಾಕೆಯಂತೂ ದಿನಾ ಬೆಳಿಗ್ಗೆ ಹತ್ತಕ್ಕೆ ಬಂದರೆ ಸಂಜೆಯ ತನಕ ಏಳುವುದಿಲ್ಲ.

ಒಂದು ಮಾತು ಕೇಳಬೇಕಿತ್ತು, ಸುಮ್ಮನೆ ಲೋಕಜ್ಞಾನಕ್ಕೆ. ನಿಮ್ಮ ಖಜೂರಿಯ ಮೇಲೆ ಹಾಯುವ ಲಾರಿಗಳು ಊರಲ್ಲಿ ನಿಲ್ಲುತ್ತವೆಯೇ? ಕ್ಲೀನರುಗಳೆಂದು ನಮ್ಮ ಕಡೆಯವರನ್ನು ಇಟ್ಟುಕೊಳ್ಳುತ್ತಾರೆಯೇ? ಲಾರಿಯವರು ಚಹಾ ಕುಡಿಯುವ ಹೋಟೆಲಿನಲ್ಲಿ ಬಲಗೈ ಹೆಬ್ಬೆರಳಿಗೆ ಉಗುರಿಲ್ಲದ, ನಲವತ್ತರ ಆಸುಪಾಸಿನ, ತೆಳ್ಳನೆಯ ಮನುಷ್ಯ ಯಾರಾದರೂ ಕಂಡದ್ದುಂಟೇ? ಅವಸರವೇನಿಲ್ಲ. ಆದರೂ ಬೇಗ ಬರಿ.

ಕಲ್ಯಾಣಪ್ಪ


ಖಜೂರಿ
4 ಸೆಪ್ಟೆಂಬರ್ 1988

ಕಾಕಾ, ಶರಣು.

ಓದಿದ ಕೂಡಲೇ ತಿಳಿಯಿತು. ನೀವು ಖಜೂರಿಯಲ್ಲಿ ಬ್ರ್ಯಾಂಚ್ ತೆಗೆಯುವ ವಿಚಾರದಲ್ಲಿದ್ದೀರಿ! ಲಾರಿ ಎಷ್ಟು ನಿಲ್ಲುತ್ತವೆ, ಚಹಾ ಎಲ್ಲಿ ಕುಡಿಯುತ್ತಾರೆ. ಇದೆಲ್ಲ ಗಿರಾಕಿ ಎಣಿಸುವ ಲೆಕ್ಕ. ಆ ಉಗುರಿಲ್ಲದವನು ಯಾರು, ಬ್ರ್ಯಾಂಚಿಗೆ ನೇಮಿಸಿದ ಜವಾನನೇ?

ಕೈ ಮುಗಿದು ಕೇಳುತ್ತೇನೆ, ಬೇಡ. ಇಲ್ಲಿ ನನಗೆ ‘ಟೀಚರಮ್ಮ’ ಎಂಬ ಹೆಸರಿದೆ, ‘ಸಲಹೆಗಾರರ ಅಣ್ಣನ ಮಗಳು’ ಆಗುವ ಆಸೆಯಿಲ್ಲ. ನಿಮ್ಮ ಪತ್ರವನ್ನು ಹೋಟೆಲಿನ ದತ್ತಪ್ಪನಿಗೆ ಓದಿ ಹೇಳಿದೆ. ‘ಲಾರಿ ಮಂದಿಗೆ ಸಲಹಾ ಬ್ಯಾಡ್ರಿ ಟೀಚರಮ್ಮ, ನಿದ್ದಿ ಬೇಕು’ ಅಂದ.

ದಿನಾ ಹತ್ತಕ್ಕೆ ಬಂದು ಸಂಜೆಯವರೆಗೆ ಕೂಡುವ ಗಿರಾಕಿಯ ಸುದ್ದಿ ಓದಿ ಮಾತ್ರ ಬೆರಗಾದೆ. ನಿಮ್ಮ ಮಾತು ಇಡೀ ದಿನ ಕೇಳುವ ಶಕ್ತಿ ಇರುವ ಆ ತಾಯಿ ಯಾರು?

ಗುರುಶಾಂತಮ್ಮ


ಖಜೂರಿ
1 ಅಕ್ಟೋಬರ್ 1988

ಕಾಕಾ,

ನಾಲ್ಕು ವಾರವಾಯಿತು, ನಿಮ್ಮದೊಂದು ಅಕ್ಷರವಿಲ್ಲ. ಬ್ರ್ಯಾಂಚಿನ ಮಾತಿಗೆ ಸಿಟ್ಟು ಬಂದಿತೇ? ಸಿಟ್ಟಾದರೂ ನೀವು ಅದನ್ನು ಎರಡು ಹಾಳೆ ಬರೆಯುವವರು. ಹಿಂದಿನ ಪತ್ರವನ್ನು ಮತ್ತೊಮ್ಮೆ ತೆಗೆದು ನೋಡಿದೆ. ಅದರಲ್ಲಿ ನಿಮ್ಮ ಬಗ್ಗೆ ಒಂದೂ ಹೊಗಳಿಕೆ ಇಲ್ಲ. ಆಗಲೇ ನನಗೆ ತಿಳಿಯಬೇಕಿತ್ತು.

ಆರೋಗ್ಯ ನೆಟ್ಟಗಿದೆಯೇ? ಇದ್ದದ್ದು ಇದ್ದ ಹಾಗೆ ಬರೆಯಿರಿ.

ಗುರುಶಾಂತಮ್ಮ


ಜೇವರ್ಗಿ
15 ಅಕ್ಟೋಬರ್ 1988

ಗುರುಶಾಂತಾ,

ಆರೋಗ್ಯ ನೆಟ್ಟಗಿದೆ. ಉಳಿದದ್ದು ಯಾವುದೂ ನೆಟ್ಟಗಿಲ್ಲ.

ಸೈದಪ್ಪ ಆವತ್ತು ಹೋದವನು ತಿರುಗಿ ಬಂದಿಲ್ಲ. ಮೂರು ತಿಂಗಳ ಮೇಲಾಯಿತು. ನಾನು ನಿನಗೆ ಬರೆದದ್ದೂ ಸುಳ್ಳು. ಅವನನ್ನು ಕುರ್ಚಿಯ ಮೇಲೆ ಕೂಡಿಸಲೇ ಇಲ್ಲ. ಕಲಬುರ್ಗಿಯ ಬೀಗರು ನೋಡುತ್ತಿದ್ದರಲ್ಲ, ಅವರೆದುರು ಸ್ಟೂಲಿಗೆ ಇಳಿಯಲು ನನಗೆ ಮನಸ್ಸಾಗಲಿಲ್ಲ. ಕುರ್ಚಿಯಲ್ಲೇ ಕಾಲ ಮೇಲೆ ಕಾಲು ಹಾಕಿಕೊಂಡು, ‘ಲೇ ಸೈದಪ್ಪ, ಒಂದ್ ಲಾರಿ ಹತ್ತು, ನಾಕ್ ದಿನ ಮಾಯ ಆಗು’ ಎಂದವನು ನಾನು. ಬೀಗರು ಚಪ್ಪಾಳೆ ತಟ್ಟಿ ನಕ್ಕರು. ನಾನೂ ನಕ್ಕೆ. ಅವನು ನನ್ನ ಮುಖ ನೋಡಿ ಕೈ ಮುಗಿದು ಹೋದ.

ಐದನೇ ದಿನ ನಿಂಬೆವ್ವ ಬಂದಳು. ಸಣ್ಣ ಜೀವ. ‘ನನ್ನ ಗಂಡಗ ಎಲ್ಲಿ ಕಳಸೀರಿ?’ ಅಂದಳು. ಮೆಲ್ಲಗೆ. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

‘ಬರ್ತಾನವ್ವ, ಎರಡ್ ದಿನದಾಗ.’

‘ಬರೂತನಾ ಕೂಡ್ತೇನಿ,’ ಎಂದು ಸ್ಟೂಲಿನ ಮೇಲೆ ಕುಳಿತಳು. ಅಂದಿನಿಂದ ದಿನಾ ಹತ್ತಕ್ಕೆ. ದಿನಾ ಬರುವ ಆ ಗಿರಾಕಿ ಈಕೆಯೇ. ಬೇರೆಯವರು ಮೆಟ್ಟಿಲು ಹತ್ತಿ ಬಂದು, ಆಕೆಯನ್ನು ನೋಡಿ ಇಳಿದು ಹೋಗುತ್ತಾರೆ. ಈಗ ಹತ್ತುವುದನ್ನೂ ಬಿಟ್ಟಿದ್ದಾರೆ. ಮಧ್ಯಾಹ್ನ ಗುರಮ್ಮ ಆಕೆಗೆ ರೊಟ್ಟಿ ತರುತ್ತಾಳೆ, ನನ್ನ ಕಡೆ ನೋಡದೆ ಇಟ್ಟು ಹೋಗುತ್ತಾಳೆ. ಲಾರಿ ನಿಲ್ಲುವಲ್ಲಿ ವಿಚಾರಿಸಿದೆ, ಆಳಂದ ದಾಟಿ ನಿಮ್ಮ ಖಜೂರಿಯ ಮೇಲೆ ಹೋಗುವ ಲಾರಿ ಹತ್ತಿದ ಎಂದರು. ಅದಕ್ಕೇ ನಿನಗೆ ಹೆಬ್ಬೆರಳಿನ ಗುರುತು ಬರೆದದ್ದು. ಬ್ರ್ಯಾಂಚ್ ಅಂದೆ ನೀನು. ನನ್ನ ತಪ್ಪೇ, ನಿನ್ನದಲ್ಲ.

ಈಗ ಈ ಪಾಕೀಟಿನಲ್ಲಿರುವ ಕಾರ್ಡಿನ ಮಾತು.

ಇದು ಐದನೇ ತಾರೀಖು ಬಂತು. ಟಪಾಲಿನವನು ಮೇಲೆ ಹತ್ತಿ ಬರಲಿಲ್ಲ, ಕೆಳಗಿನ ಮೆಟ್ಟಿಲ ಮೇಲೆ ಎಸೆದು ಹಿಂದೆ ನೋಡದೆ ಹೋದ. ಮೂಲೆ ಹರಿದಿದೆ, ನೋಡು. ನಮ್ಮಲ್ಲಿ ಮೂಲೆ ಹರಿದ ಕಾರ್ಡು ಯಾವ ಸುದ್ದಿ ತರುತ್ತದೆ ಎಂದು ನಿನಗೆ ಹೇಳಬೇಕಿಲ್ಲ. ಯಾರೋ ತೀರಿದರೆ ಮಾತ್ರ ಹಾಗೆ ಹರಿದು ಹಾಕುತ್ತಾರೆ. ಅದನ್ನು ಹೊಸ್ತಿಲು ದಾಟಿಸುವುದಿಲ್ಲ, ಹೊರಗೇ ಓದಿ ಹೊರಗೇ ಚೂರು ಮಾಡಿ ಮೈತೊಳೆದು ಒಳಗೆ ಹೋಗುತ್ತಾರೆ. ನಾವು ಶರಣರ ಮಂದಿ, ಸೂತಕ ನಂಬುವವರಲ್ಲ ಎಂದು ಊರಿಗೆಲ್ಲ ಭಾಷಣ ಬಿಗಿದವನು ನಾನು. ಆದರೂ ಎರಡೇ ಬೆರಳ ತುದಿಯಲ್ಲಿ ಎತ್ತಿದೆ. ಮೇಲೆ ‘ನಿಂಬೆವ್ವ, ಗಂಡ ಸೈದಪ್ಪ, ಸಲಹೆಗಾರರ ಮಾರ್ಫತ್, ಜೇವರ್ಗಿ’ ಎಂದಿದೆ. ಆ ಮನೆಯಲ್ಲಿ ಯಾರಿಗೂ ಓದು ಬಾರದು, ನಾನು ಓದಿ ಹೇಳಲಿ ಎಂದು ನನ್ನ ಮಾರ್ಫತ್ ಹಾಕಿರಬೇಕು. ಅಕ್ಷರ ಮರಾಠಿ. ನನಗೆ ಮರಾಠಿ ಬರುವುದಿಲ್ಲ ಎಂದರೆ ನೀನು ನಂಬುತ್ತಿದ್ದಿ. ಬರುತ್ತದೆ, ಕೂಡಿಸಿಕೊಂಡು ಓದಬಲ್ಲೆ. ವಿಳಾಸ ಅಷ್ಟೇ ಓದಿದೆ. ಮಗ್ಗಲು ಹೊರಳಿಸಲಿಲ್ಲ.

ಓದಿದರೆ ಅವನು ಹೋದ. ಓದದಿದ್ದರೆ ಇನ್ನೂ ಎಲ್ಲೋ ಒಂದು ಲಾರಿಯಲ್ಲಿ ಇದ್ದಾನೆ. ಹೀಗೆಂದುಕೊಂಡು ಹತ್ತು ದಿನ ಅದನ್ನು ಖಾದರಸಾಬನ ಅಂಗಡಿಯ ಹೊರಗೆ ತೂಗುಹಾಕಿದ ಹಳೆಯ ರಿಮ್ಮಿನೊಳಗೆ ಸಿಕ್ಕಿಸಿ ಇಟ್ಟೆ. ಮೇಲೆ ಆಕೆ ಸ್ಟೂಲಿನ ಮೇಲೆ, ಕೆಳಗೆ ಇದು. ದಿನಾ ಬೆಳಿಗ್ಗೆ ಇದೆಯೋ ಇಲ್ಲವೋ ನೋಡುತ್ತಿದ್ದೆ. ಇಪ್ಪತ್ತೆರಡು ವರ್ಷ ಊರ ಮಂದಿಯ ಕಾಗದವೆಲ್ಲ ಓದಿ ಹೇಳಿದವನಿಗೆ ಅಂಗೈಯಗಲದ ಒಂದು ಕಾರ್ಡು ಓದುವುದಾಗಲಿಲ್ಲ.

ನೀನು ಓದು. ನಾನು ಅಂದುಕೊಂಡದ್ದೇ ಇದ್ದರೆ ಒಂದು ಸಾಲು ಬರಿ. ಆಕೆಗೆ ನನ್ನ ಬಾಯಿಂದಲೇ ಹೇಳುತ್ತೇನೆ, ಬೇರೆಯವರ ಮೇಲೆ ಹಾಕುವುದಿಲ್ಲ. ಆಮೇಲೆ ಬೋರ್ಡು ಇಳಿಸುತ್ತೇನೆ.

ಕಲ್ಯಾಣಪ್ಪ


ಖಜೂರಿ
23 ಅಕ್ಟೋಬರ್ 1988, ಭಾನುವಾರ ಸಂಜೆ

ಕಾಕಾ, ಶರಣು.

ಈ ಪತ್ರ ನಿಮ್ಮ ಕೈಗೆ ಕೊಟ್ಟವನ ಬಲಗೈ ಹೆಬ್ಬೆರಳು ನೋಡಿ. ನೋಡಿದಿರಾ? ಇನ್ನು ನಿಧಾನವಾಗಿ ಕುಳಿತು ಓದಿ.

ನಿಮ್ಮ ಪಾಕೀಟು ನಿನ್ನೆ ಶನಿವಾರ ಸಂಜೆ ಬಂತು. ಇದುವರೆಗೆ ನಿಮ್ಮ ಪತ್ರಗಳನ್ನೆಲ್ಲ ನಾನು ಶಾಲೆಯಲ್ಲಿ, ದತ್ತಪ್ಪನ ಹೋಟೆಲಿನಲ್ಲಿ ಗಟ್ಟಿಯಾಗಿ ಓದಿ ನಗಿಸುತ್ತಿದ್ದೆ. ಅದನ್ನು ನಿಮಗೆ ಹೇಳಿರಲಿಲ್ಲ. ಇದನ್ನು ಮಾತ್ರ ಯಾರಿಗೂ ಓದಲಿಲ್ಲ. ಕಾರ್ಡನ್ನು ನಾನೂ ಅಂಗಳದಲ್ಲೇ ನಿಂತು ಹೊರಳಿಸಿದೆ. ಅದರಲ್ಲಿದ್ದದ್ದು ಇಷ್ಟು:

‘ನಾನು ಉಮರ್ಗಾದಲ್ಲಿ ಗಿರಣಿ ಕೆಲಸದಲ್ಲಿ ಇದ್ದೇನೆ. ಆರಾಮ ಇದ್ದೇನೆ. ಸೀಗಿ ಹುಣ್ಣಿಮೆಯ ಒಳಗೆ ನಿನ್ನ ಮಾತು ಬಂದರೆ ಊರಿಗೆ ಬರುತ್ತೇನೆ. ಬರದಿದ್ದರೆ ನಿನಗೆ ನಾನು ಬೇಡ ಎಂದು ತಿಳಿದು ಜಹೀರುದ್ದೀನನ ಲಾರಿಯ ಸಂಗಡ ಪುಣೆಗೆ ಹೋಗುತ್ತೇನೆ. ಸೈದಪ್ಪ. ಬರೆದವನು ಲಾರಿ ಡ್ರೈವರ್ ಜಹೀರುದ್ದೀನ.’

ಹುಣ್ಣಿಮೆ ನಾಡಿದ್ದು ಮಂಗಳವಾರ, ಕಾಕಾ! ನಿಮ್ಮ ರಿಮ್ಮಿನಲ್ಲಿ ಹತ್ತು ದಿನ, ಟಪಾಲಿನಲ್ಲಿ ಏಳು ದಿನ. ಇವತ್ತು ಬೆಳಿಗ್ಗೆ ಮೊದಲ ಬಸ್ಸಿಗೆ ಉಮರ್ಗಾಕ್ಕೆ ಹೋದೆ. ಮಹಾರಾಷ್ಟ್ರದ ಗಡಿಯಾಚೆ, ಇಲ್ಲಿಂದ ತಾಸಿನ ದಾರಿಯೂ ಅಲ್ಲ. ಸದ್ದು ಹಿಡಿದು ಗಿರಣಿ ಹುಡುಕಿದೆ. ಬಾಗಿಲಲ್ಲಿ ಲಾರಿ, ಒಳಗೆ ಹಿಟ್ಟಿನ ಮೂಟೆಗಳ ನಡುವೆ ಒಬ್ಬ ತೆಳ್ಳನೆಯವನು.

‘ಸೈದಪ್ಪ ಅಂದ್ರ ನೀವೇನ್ರಿ?’ ಅಂದೆ. ತಿರುಗಲಿಲ್ಲ. ಮತ್ತೆ ಅಂದೆ. ಮೂರನೇ ಸಲ ಶಾಲೆಯಲ್ಲಿ ಗದ್ದಲ ನಿಲ್ಲಿಸುವ ಧ್ವನಿಯಲ್ಲಿ ಕೂಗಿದೆ. ಲಾರಿಯ ಮೇಲಿದ್ದವನು ನಗುತ್ತ ಇಳಿದು ಬಂದ. ಅವನೇ ಜಹೀರುದ್ದೀನ.

‘ಅಕ್ಕಾ, ಎಡಕ್ಕ ನಿಲ್ಲಬ್ಯಾಡ್ರಿ, ಬಲಕ್ಕ ಬರ್ರಿ. ಅವರ ಎಡಗಿವಿ ಪೂರಾ ಹೋಗ್ಯದ. ಬಲಗಿವ್ಯಾಗ ಚೀರಿದ್ರ ಕೇಳಸ್ತದ. ನಾ ಎಂಜಿನ್ ಸದ್ದಿನ್ಯಾಗ ಚೀರಿ ಚೀರಿ ಮಾತಾಡಾಂವ, ನನ್ನ ಮಾತು ಬರೋಬ್ಬರಿ ಕೇಳಸ್ತದ ಅಂತ ನನ್ನ ಬಿಟ್ಟ ಹೋಗವಲ್ರು.’

ತಿಳಿಯಿತೇ ಕಾಕಾ? ಹದಿನೆಂಟು ವರ್ಷದ ಗಿರಣಿಯ ಸದ್ದು ಅವನ ಕಿವಿ ತಿಂದಿದೆ. ಸ್ವಲ್ಪ ಸ್ವಲ್ಪವೇ ಹೋದದ್ದರಿಂದ ಅವನಿಗೇ ಗೊತ್ತಾಗಿಲ್ಲ. ನಾನು ಬಲಕ್ಕೆ ನಿಂತು ಕೂಗಿ ಕೇಳಿದೆ, ‘ಮನ್ಯಾಗ ನಿಂಬೆವ್ವ ನಿಮ್ಮ ಕೂಡ ಹ್ಯಾಂಗ ಮಾತಾಡ್ತಾರ?’

‘ಮೆತ್ತಗ್ರಿ. ಅತ್ತಿ, ಭಾವ ಇದ್ದ ಮನ್ಯಾಗ ಗಂಡನ ಕೂಡ ಜೋರ್ ಮಾತಾಡೂ ಪದ್ಧತಿ ಎಲ್ಲ್ಯದ್ರಿ? ತುಟಿ ಅಷ್ಟ ಅಲ್ಲಾಡ್ತಿದ್ದು.’ ಅಂದವನು ಅಲ್ಲೇ ನಿಂತುಬಿಟ್ಟ. ‘ತುಟಿ ಅಲ್ಲಾಡ್ತಿದ್ದುರೀ,’ ಎಂದು ಮತ್ತೊಮ್ಮೆ ಅಂದ. ಆಮೇಲೆ ಒಂದು ಮೂಟೆಯ ಮೇಲೆ ಕುಳಿತ.

ಆಕೆ ಮೂರು ತಿಂಗಳಿನಿಂದ ನಿಮ್ಮ ಸ್ಟೂಲಿನ ಮೇಲೆ ಕುಳಿತಿದ್ದಾಳೆ ಎಂದು ಹೇಳಿದೆ. ‘ದಿನಾನೂ?’ ಅಂದ. ‘ದಿನಾನೂ’ ಅಂದೆ. ಎದ್ದು ಅಂಗಿ ಹಾಕಿಕೊಂಡ.

ಕಾರ್ಡಿನ ಮೂಲೆಯ ಮಾತೂ ಕೇಳಿದೆ. ‘ನಾನ ಹರದೇನ್ರಿ. ಬ್ಯಾರೇ ಕಾರ್ಡ್ ಆದ್ರ ಟಪಾಲಿನವರು ವಾರಗಟ್ಲೆ ಚೀಲದಾಗ ಇಟ್ಕೊಂಡು ತಿರಗ್ತಾರ. ಹರದ ಕಾರ್ಡ್ ಒಂದ್ ರಾತ್ರಿನೂ ತಮ್ಮ ಮನ್ಯಾಗ ಇಟ್ಕೊಳ್ಳಂಗಿಲ್ಲ, ಅವತ್ತ ಮುಟ್ಟಸ್ತಾರ. ಲಗೂ ಮುಟ್ಲಿ ಅಂತ ಹರದೆ. ಓದಿದ್ರ ತಿಳೀತದಲ್ರಿ, ಬದುಕೇನಿ ಅಂತ.’

‘ಓದಲಿಲ್ಲ ಅಂದ್ರ?’

‘ಬಂದ ಕಾರ್ಡ್ ಓದಲಾರದವರು ಯಾರ್ ಇರ್ತಾರ್ರಿ?’

ಓದದವರು ನೀವೇ ಎಂದು ನಾನು ಹೇಳಲಿಲ್ಲ.

ಇನ್ನೊಂದು ಮಾತು. ಹೇಳಲೋ ಬೇಡವೋ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ನಿಮ್ಮ ಸಲಹೆಯಿಂದ ಅವನು ಹೋದ ಎಂದು ನೀವು ಮೂರು ತಿಂಗಳು ಸುಟ್ಟುಕೊಂಡಿರಿ. ನಿಮ್ಮ ಸಲಹೆಯ ಒಂದಕ್ಷರವೂ ಅವನಿಗೆ ಕೇಳಿಸಿಲ್ಲ. ‘ಕಾಕಾ ಏನೋ ಅಂದ್ರು, ಬಾಯಿ ಅಲ್ಲಾಡ್ತಿತ್ತು. ಆ ಇಬ್ಬರು ನಗಾಕತ್ತಿದ್ರು, ಅವರೂ ನಕ್ರು. ನನ್ನ ನೋಡೇ ನಗಾಕತ್ತಾರ ಅಂತ ತಿಳೀತು, ಕೈ ಮುಗದು ಎದ್ದು ಬಂದೆ. ಕೆಳಗ ಲಾರಿ ನಿಂತಿತ್ತು’ ಅಂದ. ಸಮಾಧಾನವೆಷ್ಟು, ಉಳಿದದ್ದೆಷ್ಟು, ನೀವೇ ಲೆಕ್ಕ ಹಾಕಿಕೊಳ್ಳಿ.

ನನ್ನ ಸಂಗಡವೇ ಖಜೂರಿಗೆ ಬಂದಿದ್ದಾನೆ. ರಾತ್ರಿ ಹೆಡ್‌ಮಾಸ್ತರರ ಮನೆಯಲ್ಲಿ ಊಟ. ಬೆಳಿಗ್ಗೆ ಬಸ್ಸಿಗೆ ಕೂಡಿಸುತ್ತೇನೆ. ನೇರ ನಿಮ್ಮ ಮೆಟ್ಟಿಲಿಗೆ ಬಾ ಎಂದು ಹೇಳಿದ್ದೇನೆ, ಆಕೆ ಅಲ್ಲೇ ಇರುತ್ತಾಳಲ್ಲ. ನೀವು ಬಲಕ್ಕೆ ನಿಂತು ಮಾತಾಡಿ.

ಗುರುಶಾಂತಮ್ಮ


ಜೇವರ್ಗಿ
7 ನವೆಂಬರ್ 1988

ಚಿ. ಸೌ. ಆಗಲಿರುವ, ನಮ್ಮ ವಂಶದ ಹೆಸರು ಉಳಿಸಿದ ಗುರುಶಾಂತಮ್ಮನಿಗೆ ಕಲ್ಯಾಣಪ್ಪ ಕಾಕಾನ ಸಾವಿರ ಆಶೀರ್ವಾದ.

ಎರಡು ವಾರ ಬರೆಯಲಿಲ್ಲ. ನಿದ್ದೆ ಮಾಡುತ್ತಿದ್ದೆ. ನಿಜ ಹೇಳುತ್ತೇನೆ, ಜುಲೈದಿಂದ ಬಾಕಿ ಉಳಿದ ನಿದ್ದೆಯನ್ನೆಲ್ಲ ಒಮ್ಮೆಲೇ ಮಾಡಿದೆ. ಗುರಮ್ಮ ಎರಡು ಸಲ ಮೂಗಿನ ಹತ್ತಿರ ಕೈ ಹಿಡಿದು ನೋಡಿದಳಂತೆ.

ಆ ಸೋಮವಾರದ ಮಧ್ಯಾಹ್ನ ಬರೆಯುತ್ತೇನೆ. ನಿಂಬೆವ್ವ ಸ್ಟೂಲಿನ ಮೇಲೆ, ಗುರಮ್ಮ ರೊಟ್ಟಿಯ ಗಂಟು ಬಿಚ್ಚುತ್ತಿದ್ದಾಳೆ. ಮೆಟ್ಟಿಲ ಮೇಲೆ ಖಾದರಸಾಬನ ಧ್ವನಿ, ‘ಕಾಕಾ! ಕಾಕಾ! ಯಾ ಅಲ್ಲಾ, ಕಾಕಾ!’ ಬಾಗಿಲಲ್ಲಿ ಸೈದಪ್ಪ. ಕೈಯಲ್ಲಿ ನಿನ್ನ ಪತ್ರ. ನಾನು ಪತ್ರ ಇಸಿದುಕೊಂಡು ಹೆಬ್ಬೆರಳು ನೋಡಿದ್ದು ಆಮೇಲೆ, ಮೊದಲು ಅವನ ಕಾಲು ನೋಡಿದೆ. ನೆಲದ ಮೇಲೇ ಇದ್ದವು.

ನಿಂಬೆವ್ವ ಏಳಲಿಲ್ಲ. ಸೆರಗು ಸರಿ ಮಾಡಿಕೊಂಡು ಏನೋ ಅಂದಳು. ತುಟಿ ಅಲ್ಲಾಡಿದವು. ಸೈದಪ್ಪ ತುಟಿಯನ್ನೇ ನೋಡುತ್ತ, ಬಗ್ಗಿ, ಬಲಗಿವಿಯನ್ನು ಆಕೆಯ ಕಡೆ ಹಿಡಿದ. ನಾನು ಅಷ್ಟು ಹೊತ್ತಿಗೆ ನಿನ್ನ ಪತ್ರದ ನಡುವಿಗೆ ಬಂದಿದ್ದೆ.

‘ಜೋರಾಗಿ ಅನ್ನವ್ವ,’ ಅಂದೆ. ‘ಗಿರಣಿ ಅವನ ಕಿವಿ ತಿಂದದ. ಎರಡ್ ವರ್ಷದಿಂದ ನೀ ಅಂದಿದ್ದು ಒಂದೂ ಮುಟ್ಟಿಲ್ಲ.’

ಆಕೆ ನನ್ನನ್ನು ನೋಡಿದಳು, ಗುರಮ್ಮನನ್ನು ನೋಡಿದಳು. ಹಿರಿಯರು ಇದ್ದೇವಲ್ಲ. ಗುರಮ್ಮ ನನ್ನ ತೋಳು ಹಿಡಿದು ಎಳೆದು ಇಬ್ಬರ ಮುಖವನ್ನೂ ಗೋಡೆಯ ಕಡೆ ತಿರುಗಿಸಿದಳು. ‘ನಾವ್ ಇಲ್ಲಂತ ತಿಳ್ಕೊ ಬೇ. ಅನ್ನು.’

ಆಮೇಲೆ ಕೇಳು! ಆ ಸಣ್ಣ ಜೀವದಲ್ಲಿ ಅಂಥ ಧ್ವನಿ ಎಲ್ಲಿತ್ತೋ. ‘ಹೇಳಿ ಹೋಗಾಕ ಏನಾಗಿತ್ರೀ ನಿಮಗ? ಮೂರು ತಿಂಗಳ! ಜ್ವರ ಬಂದ್ರ ನೀರ್ ಕೊಡಾವ್ರು ಯಾರಿದ್ರು? ಎರಡ್ ವರ್ಷ ಕರದೇ ಕರದೇನಿ, ಕಲ್ಲ ಕುಂತಂಗ ಕುಂತಿರ್ತಿದ್ರಿ, ನನ್ನ ಮ್ಯಾಲ ಮನಸ್ಸಿಲ್ಲ ಅಂತ ತಿಳದು ಸುಮ್ಮಾದೆ!’ ಕೆಳಗೆ ಖಾದರಸಾಬನ ಪಂಪು ನಿಂತಿತು. ಬಸ್ ಸ್ಟ್ಯಾಂಡಿನ ಮಂದಿ ಮೇಲೆ ನೋಡಿದರು. ಸೈದಪ್ಪ ಬಾಗಿದವನು ಬಾಗಿಯೇ ಇದ್ದ. ಗೋಡೆ ನೋಡುತ್ತ ನಿಂತ ನನಗೆ ಅವನ ಮುಖ ಕಾಣಲಿಲ್ಲ. ಗುರಮ್ಮ ಕಳ್ಳತನದಿಂದ ತಿರುಗಿ ನೋಡಿದಳು. ನಗುತ್ತಿದ್ದನಂತೆ.

ನನ್ನ ಲೆಕ್ಕವೂ ಮುಗಿಸಿದೆ. ಅವನ ಬಲಗಿವಿಯಲ್ಲಿ, ಊರಿಗೆಲ್ಲ ಕೇಳಿಸುವ ಹಾಗೆ, ‘ಆವತ್ತ ನಕ್ಕಿದ್ದು ನನ್ನ ತಪ್ಪು ಸೈದಪ್ಪ’ ಎಂದು ಕೂಗಿದೆ. ಗುಟ್ಟಾಗಿ ತಪ್ಪೊಪ್ಪಿಕೊಳ್ಳುವ ಸೌಕರ್ಯ ಅವನ ಹತ್ತಿರ ಇಲ್ಲ, ನೋಡು. ನಿಂಬೆವ್ವನಿಗೂ ಕಾರ್ಡಿನ ಸಂಗತಿ ಹೇಳಿದೆ, ಹತ್ತು ದಿನ ಬಚ್ಚಿಟ್ಟೆ ಎಂದು.

‘ರಿಮ್ಮಿನ್ಯಾಗ ಇಟ್ಟಿದ್ದು ನೋಡೇನ್ರಿ,’ ಅಂದಳು. ‘ಕಿಡಕಿಯಿಂದ ಕಾಣ್ತಿತ್ತು. ಮೂಲಿ ಹರದದ್ದೂ ನೋಡೇನಿ. ಇವತ್ತ ನೀವು ಓದಬಾರದು, ಇವತ್ತ ಓದಬಾರದು ಅಂತ ದಿನಾ ಬೇಡ್ಕೊಳ್ಳಾಕತ್ತಿದ್ದೆ.’

ನಾನು ಕಿಟಕಿಗೆ ಹೋಗಿ ಆಕೆಯ ಸ್ಟೂಲಿನ ಎತ್ತರಕ್ಕೆ ಬಗ್ಗಿ ನೋಡಿದೆ. ರಿಮ್ಮು ನೆಟ್ಟಗೆ ಕಾಣುತ್ತಿತ್ತು.

ಕಲಬುರ್ಗಿಗೆ ಕರೆದುಕೊಂಡು ಹೋಗಿ ಕಿವಿಯ ಡಾಕ್ಟರಿಗೆ ತೋರಿಸಿದೆ. ಎಡಗಿವಿಯ ಆಸೆ ಬಿಡಿ, ಬಲಗಿವಿ ಉಳಿಯಬೇಕಾದರೆ ಗಿರಣಿ ಬಿಡಿ ಎಂದರು. ಈಗ ಖಾದರಸಾಬನ ಅಂಗಡಿಯಲ್ಲಿ ಗಾಲಿ ಕಟ್ಟುವುದು ಕಲಿಯುತ್ತಿದ್ದಾನೆ. ಕೈ ಚೆನ್ನಾಗಿದೆ. ಗಾಲಿ ತಿರುಗಿಸಿ ಕಣ್ಣಿನಿಂದಲೇ ಓರೆ ಹಿಡಿಯುತ್ತಾನೆ.

ಬೋರ್ಡು ಇಳಿಸಲಿಲ್ಲ, ಸಿಟ್ಟಾಗಬೇಡ. ಇಳಿಸಲು ಏಣಿ ತಂದಿದ್ದೆ, ನಿಂಬೆವ್ವ ಬಿಡಲಿಲ್ಲ. ಆದರೆ ಕುರ್ಚಿಯನ್ನು ಗುರಮ್ಮ ಮನೆಗೆ ಒಯ್ದಳು. ಈಗ ಎರಡೂ ಸ್ಟೂಲೇ. ಬೀಗರು ಬಂದರೆ ಕೆಳಗೆ ಕೂಡುತ್ತಾರೆ. ಬಂದವರ ಎದುರು ಮೊದಲು ಮೆಲ್ಲಗೆ ಒಂದು ಮಾತು ಆಡಿ, ಕೇಳಿಸಿತೋ ಇಲ್ಲವೋ ನೋಡುತ್ತೇನೆ. ಇಂಥ ಪರೀಕ್ಷೆ ಇಡೀ ಜಿಲ್ಲೆಯಲ್ಲಿ ಮಾಡುವವನು ನಾನೊಬ್ಬನೇ. ನಕ್ಕರೆ ನಗು. ಅರ್ಧ ಕಡಿದೇ ಓದು, ಉಳಿದರ್ಧ ನಿಜ.

ಈಗ ಮಧ್ಯಾಹ್ನ ಒಂದೂವರೆ. ಕಿಟಕಿಯ ಬಳಿ ಕುಳಿತು ಬರೆಯುತ್ತಿದ್ದೇನೆ. ಬಸ್ ಸ್ಟ್ಯಾಂಡಿನ ಮೂಲೆಯಿಂದ ನಿಂಬೆವ್ವ ದಿನದಂತೆ ಕೂಗುತ್ತಿದ್ದಾಳೆ, ‘ಊಟಕ್ಕ ಬರ್ರೀ!’ ಎರಡು ಬಸ್ಸಿನ ಎಂಜಿನ್ ಸದ್ದು ದಾಟಿ ಬಂತು. ಕೆಳಗೆ ಸೈದಪ್ಪ ತಲೆ ಎತ್ತಲಿಲ್ಲ. ಗಾಲಿ ತಿರುಗಿಸುತ್ತಲೇ ಇದ್ದಾನೆ. ಬಲಗಿವಿಯೂ ಹೋಯಿತೇ ಅಂದುಕೊಂಡೆ. ಕಿಟಕಿಯಿಂದ ಬಗ್ಗಿ ಬಲಗಿವಿಗೆ ಬೀಳುವ ಹಾಗೆ ಚೀರಿದೆ.

‘ಲೇ ಸೈದಪ್ಪ, ಕರ್ಯಾಕತ್ತಾಳ, ಕೇಳಸ್ಲಿಲ್ಲೇನು?’

‘ಕೇಳಸ್ತುರಿ ಕಾಕಾ,’ ಅಂದ. ‘ಇನ್ನೊಮ್ಮಿ ಕರೀಲಿ ಅಂತ ಸುಮ್ಮ ಕುಂತೇನಿ.’

ಕಲ್ಯಾಣಪ್ಪ